ಕಂಪ್ಯೂಟರಿನಿಂದ ಪುಕ್ಕಟೆ ಎಸ್ಸೆಮ್ಮೆಸ್: ಮೂರು ದಾರಿಗಳ ಹೋಲಿಕೆ

ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು ನಾನು. ಸದಸ್ಯೆಯರಲ್ಲಿ ಹಲವರ ಕೈಯಲ್ಲಿರುವುದು ಕೀಪ್ಯಾಡ್ ಮೊಬೈಲ್. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಸುದ್ದಿ ಅವರನ್ನು ಮುಟ್ಟುವುದಿಲ್ಲ. ಸಭೆಯ ಕರೆ, ಕಂತಿನ ನೆನಪು ಎಲ್ಲವೂ ಎಸ್ಸೆಮ್ಮೆಸ್ಸಿನಲ್ಲೇ ಹೋಗಬೇಕು. ಮೊಬೈಲಿನ ಪರದೆಯಲ್ಲಿ ಒತ್ತಕ್ಷರ ಹುಡುಕಿ ಬೇಸತ್ತು, ಕಂಪ್ಯೂಟರಿನಿಂದ ಕಳಿಸುವ ದಾರಿಗಳನ್ನು ಬಳಸಿ ನೋಡಿದೆ.

ವೇ ಟು ಎಸ್ಸೆಮ್ಮೆಸ್, 160 ಬೈ 2 ತರಹದ ತಾಣಗಳು ಸಂದೇಶದ ಬಾಲಕ್ಕೆ ಜಾಹೀರಾತು ಅಂಟಿಸಿ ಪುಕ್ಕಟೆ ಕಳಿಸುತ್ತಿದ್ದ ಕಾಲ ಮುಗಿಯಿತು. ಇಂದು ಅಂಥದೇ ಆಸೆ ತೋರಿಸುವ ಗುರುತಿಲ್ಲದ ತಾಣಕ್ಕೆ ಸದಸ್ಯೆಯರ ನಂಬರು ಕೊಡುವ ಧೈರ್ಯ ನನಗಿಲ್ಲ. ಕೆಳಗಿನ ಮೂರೂ ದಾರಿಗಳಲ್ಲಿ ಸಂದೇಶ ಹೊರಡುವುದು ನಮ್ಮದೇ ಸಿಮ್ಮಿನಿಂದ. ಪುಕ್ಕಟೆ ಎಂದರೆ ರೀಚಾರ್ಜಿನ ಜೊತೆ ಬರುವ ಎಸ್ಸೆಮ್ಮೆಸ್ಸುಗಳ ಮಿತಿಯೊಳಗೆ. ಹೆಚ್ಚಿನ ಪ್ಲಾನುಗಳಲ್ಲಿ ಅದು ದಿನಕ್ಕೆ 100.

ಮೊದಲನೆಯದು ಗೂಗಲ್ ಮೆಸೇಜಸ್‌ನ ವೆಬ್ ರೂಪ. 2018ರಲ್ಲಿ ಬಂದದ್ದು. ಬ್ರೌಸರಿನಲ್ಲಿ ಪುಟ ತೆರೆದು ಕ್ಯೂಆರ್ ಕೋಡನ್ನು ಮೊಬೈಲಿಗೆ ತೋರಿಸಿದರೆ ಸಾಕು. ವಿಂಡೋಸ್ ಆಗಲಿ, ಲಿನಕ್ಸ್ ಆಗಲಿ ತಕರಾರಿಲ್ಲ. ಮೊಬೈಲಿನಲ್ಲಿ ಅದೇ ಆ್ಯಪ್ ಮುಖ್ಯ ಸಂದೇಶ ಆ್ಯಪ್ ಆಗಿರಬೇಕು, ಇಂಟರ್ನೆಟ್ಟೂ ಇರಬೇಕು. ಹಲವರಿಗೆ ಒಟ್ಟಿಗೆ ಕಳಿಸುವವರು ಮೊಬೈಲಿನ ಸೆಟ್ಟಿಂಗಿನಲ್ಲಿ ಗುಂಪು ಸಂದೇಶವನ್ನು ಎಂಎಂಎಸ್‌ನಿಂದ ಎಸ್ಸೆಮ್ಮೆಸ್ಸಿಗೆ ಬದಲಿಸಿಕೊಳ್ಳಬೇಕು. ಆಗ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ, ಉತ್ತರವೂ ಬೇರೆ ಬೇರೆಯಾಗಿ ಬರುತ್ತದೆ. ಸಂಘದ ಕೆಲಸಕ್ಕೆ ನಾನು ಉಳಿಸಿಕೊಂಡದ್ದು ಇದನ್ನೇ.

ಮೈಕ್ರೋಸಾಫ್ಟಿನ ಫೋನ್ ಲಿಂಕ್ ವಿಂಡೋಸ್ ಇದ್ದವರಿಗೆ ಮಾತ್ರ. ಮೊಬೈಲಿನಲ್ಲಿ ಲಿಂಕ್ ಟು ವಿಂಡೋಸ್ ಎಂಬ ಜೊತೆಗಾರ ಆ್ಯಪ್ ಬೇಕು. ಕರೆಯನ್ನೂ ಕಂಪ್ಯೂಟರಿನಲ್ಲೇ ಎತ್ತಬಹುದು, ಮೊಬೈಲಿನ ಫೋಟೋಗಳನ್ನು ನೋಡಬಹುದು. ದಿನವಿಡೀ ಕಚೇರಿಯ ಮೇಜಿನ ಮುಂದೆ ಕೂರುವವರಿಗೆ ಚೆನ್ನ. ಐಫೋನಿನ ಜೊತೆ ಗುಂಪು ಸಂದೇಶ ನಡೆಯುವುದಿಲ್ಲ. ನಾಲ್ಕು ಸಾಲಿನ ಸಂದೇಶ ಕಳಿಸಬೇಕಾದ ನನಗೆ ಇಷ್ಟೆಲ್ಲ ಸಂಭ್ರಮ ಬೇಡವಾಯಿತು.

ಕೆಡಿಇ ಕನೆಕ್ಟ್ ಮುಕ್ತ ತಂತ್ರಾಂಶ. ಖಾತೆ ತೆರೆಯುವ ಗೋಜಿಲ್ಲ, ನಡುವೆ ಯಾರ ಸರ್ವರೂ ಇಲ್ಲ; ಮೊಬೈಲು, ಕಂಪ್ಯೂಟರು ಒಂದೇ ವೈಫೈಯಲ್ಲಿದ್ದರೆ ಆಯಿತು. ಇಂಟರ್ನೆಟ್ ಕೈಕೊಟ್ಟ ದಿನವೂ ಇದು ನಡೆಯುತ್ತದೆ, ಏಕೆಂದರೆ ಎಸ್ಸೆಮ್ಮೆಸ್ಸಿಗೆ ಬೇಕಾದುದು ಸಿಗ್ನಲ್ ಮಾತ್ರ. ಎಸ್ಸೆಮ್ಮೆಸ್ ಕಿಟಕಿ ನೋಡಲು ಬೋಳು ಬೋಳು. ಅದರ ಬಗ್ಗೆ ನನ್ನ ದೂರಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಇದನ್ನೇ ಇಟ್ಟುಕೊಂಡಿದ್ದೇನೆ.

ಯಾವುದನ್ನು ಆರಿಸಿಕೊಂಡರೂ ಕನ್ನಡದ ಲೆಕ್ಕ ತಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಸ್ಥಾನ, ಕನ್ನಡದಲ್ಲಿ 70. ‘ಸ್ತ್ರೀಶಕ್ತಿ’ ಕಣ್ಣಿಗೆ ಮೂರೇ ಅಕ್ಷರ. ಒತ್ತು, ಕಾಗುಣಿತ ಬಿಡಿಸಿದರೆ 11 ಸ್ಥಾನ. ‘ಸ್ತ್ರೀಶಕ್ತಿ ಸಂಘದ ಸಭೆ ಭಾನುವಾರ 4ಕ್ಕೆ. ಪಾಸ್‌ಬುಕ್ ತನ್ನಿ.’ ಎಂಬುದು ಖಾಲಿ ಜಾಗ, ಚುಕ್ಕಿ ಸೇರಿ 52. ಅದರಲ್ಲೊಂದು ಸ್ಥಾನ ತಿನ್ನುವುದು ‘ಪಾಸ್‌ಬುಕ್’ ನಡುವೆ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತು! 70 ದಾಟಿದ ಕೂಡಲೇ ಸಂದೇಶ ಎರಡಾಗಿ ಒಡೆಯುತ್ತದೆ, ಒಂದೊಂದು ತುಂಡಿಗೂ 67 ಸ್ಥಾನವಷ್ಟೇ. ಇಪ್ಪತ್ತು ಜನರಿಗೆ ಕಳಿಸಿದರೆ ಖರ್ಚು ನಲವತ್ತು. ‘ಆತ್ಮೀಯ ಸದಸ್ಯೆಯರೇ’ ಎಂಬ ಪೀಠಿಕೆಯನ್ನು ನಾನು ಕೈಬಿಟ್ಟದ್ದು ಇದಕ್ಕೇ.

ಓಟಿಪಿಗಳೂ ಕಂಪ್ಯೂಟರಿನ ಪರದೆಗೆ ಬರುತ್ತವೆ. ಹಂಚಿಕೊಂಡು ಬಳಸುವ ಕಂಪ್ಯೂಟರಾದರೆ ಏಳುವ ಮೊದಲು ಜೋಡಣೆ ತೆಗೆಯಿರಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ನೋಟಿಸನ್ನು ಹಾಗೆಯೇ ಅಂಟಿಸಬೇಡಿ. ಓದುವವರಿಗೆ ಸಿಗುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಮೊದಲು ಮೊಬೈಲುಗಳು ಓದಬಲ್ಲ ಯೂನಿಕೋಡ್ ಅಕ್ಷರಗಳಿಗೆ ಬದಲಿಸಿಕೊಳ್ಳಿ.