ಸೊನಾಟಾ, ರೊಂಡೊ, ವೇರಿಯೇಷನ್ಸ್: ಮೊದಲು ಯಾವುದು ಕೇಳಬೇಕು?

ಸೊನಾಟಾ, ರೊಂಡೊ, ವೇರಿಯೇಷನ್ಸ್ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮೂರು ರಚನಾ ರೂಪಗಳು. ಆ ಸಂಗೀತದ ರಚನಕಾರರಾದ ಹೈಡನ್, ಮೊಜಾರ್ಟ್, ಬೀಥೋವನ್ ಅವರ ವಾದ್ಯಸಂಗೀತವನ್ನು ರಚನೆಯ ಜಾಡು ಹಿಡಿದು ಕೇಳಬೇಕೆನ್ನುವವರು ರೊಂಡೊದಿಂದ ಶುರು ಮಾಡುವುದು ಒಳ್ಳೆಯದು. ಇಲ್ಲಿ ಮುಖ್ಯ ಧಾಟಿ ಹೊಸ ಭಾಗಗಳ ನಡುವೆ ಮತ್ತೆ ಮತ್ತೆ ಬರುತ್ತದೆ. ಕರ್ನಾಟಕ ಸಂಗೀತದ ಕೃತಿಯಲ್ಲಿ ಪಲ್ಲವಿಗೆ ಮರಳುವುದನ್ನು ಕೇಳಿದ ಕಿವಿಗೆ ಇದು ಬೇಗ ಒಗ್ಗುತ್ತದೆ. ಬೀಥೋವನ್‌ನ ‘ಫ್ಯೂರ್ ಎಲೀಸ್’ ಸಾಕು: ಮೂರು ಸಲ ಅದೇ ಧಾಟಿ, ನಡುವೆ ಎರಡು ಬೇರೆ ಭಾಗ.

ವೇರಿಯೇಷನ್ಸ್‌ನಲ್ಲಿ ಧಾಟಿ ಬಿಟ್ಟುಹೋಗುವುದೇ ಇಲ್ಲ, ವೇಷ ಬದಲಿಸುತ್ತದೆ ಅಷ್ಟೇ. ಹೈಡನ್‌ನ 94ನೇ ಸಿಂಫನಿಯ (ಹಲವು ಭಾಗಗಳ, ವಾದ್ಯವೃಂದದ ದೊಡ್ಡ ಕೃತಿ) ಎರಡನೇ ಭಾಗ ಕೇಳಿ.

ಸೊನಾಟಾ ರೂಪ ಹೆಚ್ಚು ತಾಳ್ಮೆ ಬೇಡುತ್ತದೆ, ಆದರೆ ನನ್ನ ಮಟ್ಟಿಗೆ ಮೂರರಲ್ಲಿ ಹೆಚ್ಚು ಕೊಡುವುದೂ ಅದೇ. ಇಲ್ಲಿ ಧಾಟಿಗಿಂತ ಶ್ರುತಿಯ ನೆಲೆ, ಅಂದರೆ ಯಾವ ಸ್ವರವನ್ನು ಆಧಾರವಾಗಿ ಹಿಡಿದಿದೆ ಎನ್ನುವುದು ಮುಖ್ಯ. 1787ರ ಮೊಜಾರ್ಟ್ ರಚನೆ ‘ಐನೆ ಕ್ಲೈನೆ ನಾಖ್ಟ್‌ಮ್ಯೂಸಿಕ್’ನ ಮೊದಲ ಭಾಗ ಜಿ ಮೇಜರ್‌ನಲ್ಲಿ (ಜಿ ಸ್ವರ ಆಧಾರವಾದ ನೆಲೆ) ಏರುದನಿಯಿಂದ ಆರಂಭವಾಗುತ್ತದೆ, ಎರಡನೇ ಧಾಟಿ ಮೆದುವಾಗಿ ಡಿ ಮೇಜರ್‌ನಲ್ಲಿ ಬರುತ್ತದೆ. ನಡುವಿನ ಚಿಕ್ಕ ಭಾಗದಲ್ಲಿ ನೆಲೆ ಅಲುಗಾಡುತ್ತದೆ. ಆಮೇಲೆ ಆರಂಭದ ಧಾಟಿ ಮರಳುತ್ತದೆ, ಈ ಸಲ ಎರಡನೆಯದೂ ಜಿ ಮೇಜರ್‌ಗೇ ಬಂದು ಸೇರುತ್ತದೆ. ಈ ಬದಲಾವಣೆ ಒಮ್ಮೆ ಕಿವಿಗೆ ಬಿದ್ದರೆ ಇಡೀ ಭಾಗದ ಓಟ ಅರ್ಥವಾಗುತ್ತದೆ. ಆ ಮೆದು ಧಾಟಿಯನ್ನಷ್ಟೇ ಎರಡೂ ಕಡೆ ಬಿಡಿಯಾಗಿ ಕೇಳಿ ಹೋಲಿಸಿ ನೋಡಿ.

ಸಮಯ ಕಡಿಮೆಯಿದ್ದರೆ ರೊಂಡೊ, ವಾದ್ಯಗಳ ಬಣ್ಣ ಇಷ್ಟವಾದರೆ ವೇರಿಯೇಷನ್ಸ್. ಇಡೀ ಸಿಂಫನಿಗಳನ್ನು ಕೇಳುವ ಆಸೆಯಿದ್ದರೆ ಸೊನಾಟಾ ರೂಪ ತಪ್ಪಿಸಿಕೊಳ್ಳಲಾಗದು. ಈ ಮೂವರ ಕಾಲದ ಸಿಂಫನಿಗಳ ಮೊದಲ ಭಾಗ ಬಹುಪಾಲು ಇದೇ ರೂಪದಲ್ಲಿರುತ್ತದೆ.