ಬೆದ್ವಾಂನ ಬಾಡಿಗೆ ಸೈಕಲ್: ಗಾಡಿಗೆ ಐದಕ್ಕೆ ನಾಲ್ಕೂವರೆ, ಜೊತೆಗೆ ಕೊಟ್ಟ ಕಾರ್ಡಿಗೆ ಒಂದೂವರೆ

ದಕ್ಷಿಣ ಫ್ರಾನ್ಸಿನಲ್ಲಿ ಮೋಂ ವಾಂತೂ ಅಂತ ಒಂದು ಬೋಳು ಬೆಟ್ಟ. ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ನೋಡುವವರಿಗೆ ಈ ಹೆಸರು ಹೊಸದಲ್ಲ. ಬೆಟ್ಟದ ಬುಡದಲ್ಲಿರುವ ಬೆದ್ವಾಂ ಚಿಕ್ಕ ಊರು, ಆದರೆ ಸೈಕಲ್ ಬಾಡಿಗೆಗೆ ಕೊಡುವ ಅಂಗಡಿಗಳಿಗೇನೂ ಬರವಿಲ್ಲ. ಲಿಯೋಂನಲ್ಲಿ ಓದುತ್ತಿರುವ ಮಗಳನ್ನು ನೋಡಲು ಹೋದಾಗ ಅಲ್ಲಿಯ ಒಂದು ಅಂಗಡಿಯಲ್ಲಿ ಸೈಕಲ್ ತೆಗೆದುಕೊಂಡು ಬೆಟ್ಟ ಹತ್ತಿದೆ. ಹೊಗಳಿಕೆಯ ಜೊತೆ ದೂರೂ ಇರುವುದರಿಂದ ಅಂಗಡಿಯ ಹೆಸರು ಹಾಕುತ್ತಿಲ್ಲ.

ನಾನು ವಿಜಯಪುರದಲ್ಲಿ ಮೆಡಿಕಲ್ ಶಾಪ್ ನಡೆಸುವವನು. ನಮ್ಮ ಜಿಲ್ಲೆಗೂ ಪಕ್ಕದ ಬಾಗಲಕೋಟೆಗೂ ಸೈಕಲ್ ರೇಸಿನ ಹುಚ್ಚು ಹಳೆಯದು. ರಾಜ್ಯದ ಒಳ್ಳೆಯ ರೇಸರ್‌ಗಳಲ್ಲಿ ಬಹಳ ಜನ ಈ ಕಡೆಯವರೇ. ಹೀಗಾಗಿ ನನಗೆ ಗೇರೂ ಗುಳಿಗೆಯೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ.

ಮೊದಲು ಸೈಕಲ್ ವಿಷಯ. ಕಾರ್ಬನ್ ಗಾಡಿ, ದಿನಕ್ಕೆ 55 ಯುರೋ. ಬುಕ್ ಮಾಡುವಾಗಲೇ ಎತ್ತರ, ಕಾಲಿನ ಉದ್ದ ಕೇಳಿದ್ದರು. ನಾವು ಹೋಗುವಷ್ಟರಲ್ಲಿ ಸೀಟು ಸರಿಯಾದ ಎತ್ತರಕ್ಕೆ ಕೂತಿತ್ತು. ಹೆಲ್ಮೆಟ್, ಪಂಪು, ಒಂದು ಟ್ಯೂಬು ಬಾಡಿಗೆಯಲ್ಲೇ ಸೇರಿವೆ. ಮುಂದಿನ ಚಿಕ್ಕ ಹಲ್ಲುಚಕ್ರ 34, ಹಿಂದಿನ ದೊಡ್ಡದೂ 34. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಐವತ್ತು ದಾಟಿದವನಿಗೆ ಈ ಬೆಟ್ಟದಲ್ಲಿ ಇದಕ್ಕಿಂತ ಗಟ್ಟಿ ಗೇರು ಕೊಟ್ಟರೆ ಅದು ಬಾಡಿಗೆಯಲ್ಲ, ಶಿಕ್ಷೆ. ಡಿಸ್ಕ್ ಬ್ರೇಕುಗಳಂತೂ ಇಳಿಯುವಾಗ ಬಂಗಾರ. ಅರ್ಧ ಅಂಕ ಕಡಿಮೆ ಮಾಡಿದ್ದು ಡಿಪಾಸಿಟ್‌ಗೆ. ಬ್ಯಾಂಕ್ ಕಾರ್ಡಿನಲ್ಲಿ 1500 ಯುರೋ ಹಿಡಿದಿಟ್ಟುಕೊಂಡರು, ಬಿಡಿಸಿಕೊಳ್ಳಲು ಮಗಳು ಎರಡು ಸಲ ಫೋನ್ ಮಾಡಬೇಕಾಯಿತು.

ಇನ್ನು ದಾರಿಯ ಕಾರ್ಡು. ಹ್ಯಾಂಡಲ್ಲಿಗೆ ಸಿಕ್ಕಿಸಿಕೊಳ್ಳಲು ಪ್ಲಾಸ್ಟಿಕ್ ಹೊದಿಸಿದ ಒಂದು ಕಾರ್ಡ್ ಕೊಡುತ್ತಾರೆ. ಎಲ್ಲಿ ಎಷ್ಟು ಏರು, ಎಲ್ಲಿ ನೀರು, ಎಲ್ಲಿ ಏನು ನೋಡಬೇಕು ಅನ್ನುವುದೆಲ್ಲ ಅದರಲ್ಲಿದೆ. ಏರಿನ ಲೆಕ್ಕ ಕರೆಕ್ಟು. ಒಟ್ಟು 21 ಕಿಲೋಮೀಟರಿನಷ್ಟು ದಾರಿ. ಮೊದಲ ಐದಾರು ಕಿಲೋಮೀಟರ್ ದ್ರಾಕ್ಷಿ ತೋಟಗಳ ನಡುವೆ ಆರಾಮ. ನಮ್ಮ ತಿಕೋಟಾ ಕಡೆಯ ದ್ರಾಕ್ಷಿ ಚಪ್ಪರ ನೋಡಿದವನಿಗೆ ಇಲ್ಲಿನ ಬಳ್ಳಿಗಳು ತೀರಾ ಕುಳ್ಳು. ಸಾಂ-ಎಸ್ತೆವ್ ತಿರುವು ದಾಟಿದ್ದೇ ಕಾಡು ಶುರು, ಶೇಕಡಾ 9–10ರ ಏರು, ಉಸಿರಾಡಲು ಒಂದು ಸಮತಟ್ಟು ಜಾಗ ಇಲ್ಲ. ಶಾಲೆ ರೆನಾರ್ ಅನ್ನುವ ಹೋಟೆಲ್ ಬಂದ ಮೇಲೆ ಮರಗಳೇ ಇಲ್ಲ. ಕೊನೆಯ ಆರು ಕಿಲೋಮೀಟರ್ ಬರೀ ಬಿಳಿ ಕಲ್ಲು, ಬಿಸಿಲು, ಗಾಳಿ. ತುದಿ 1910 ಮೀಟರ್.

ತುದಿಗೆ ಇನ್ನೇನು ಒಂದೂವರೆ ಕಿಲೋಮೀಟರ್ ಇರುವಾಗ ರಸ್ತೆಯ ಪಕ್ಕ ಟಾಮ್ ಸಿಂಪ್ಸನ್ ಸ್ಮಾರಕ ಸಿಗುತ್ತದೆ. ಕಾರ್ಡಿನಲ್ಲಿ ಅದಕ್ಕೆ ಒಂದೇ ಸಾಲು: ಬ್ರಿಟನ್ನಿನ ಚಾಂಪಿಯನ್, 1967ರಲ್ಲಿ ಬಿಸಿಲು ಮತ್ತು ದಣಿವಿನಿಂದ ಇಲ್ಲಿ ತೀರಿಕೊಂಡರು. ನನ್ನ ತಕರಾರು ಇರುವುದು ಈ ಸಾಲಿನ ಮೇಲೆ. ಸುಳ್ಳೇನಲ್ಲ, ಆದರೆ ಅರ್ಧ ಚೀಟಿ ನೋಡಿ ಔಷಧಿ ಕೊಟ್ಟ ಹಾಗಾಯಿತು.

1967ರ ಜುಲೈ 13. ಮಾರ್ಸೇಯಿಂದ ಕಾರ್ಪಾಂತ್ರಾಗೆ ಟೂರ್‌ನ 13ನೇ ಹಂತ. ವಿಪರೀತ ಸೆಕೆ. ಸಿಂಪ್ಸನ್‌ಗೆ 29 ವರ್ಷ, 1965ರ ವಿಶ್ವ ಚಾಂಪಿಯನ್. ಆ ದಿನಗಳಲ್ಲಿ ರೇಸಿನಲ್ಲಿ ನೀರಿನ ಬಾಟಲಿಗೂ ಲೆಕ್ಕ, ಹಂತಕ್ಕೆ ಸುಮಾರು ಎರಡು ಲೀಟರ್. ಹಾಗಾಗಿ ಬೆಟ್ಟದ ಬುಡದ ಕೆಫೆಗಳಿಗೆ ತಂಡದ ಸಹಸವಾರರು ನುಗ್ಗಿ, ಕೈಗೆ ಸಿಕ್ಕಿದ್ದನ್ನು ನಾಯಕನಿಗೆ ತಂದುಕೊಡುತ್ತಿದ್ದರು. ಅವತ್ತು ಸಿಂಪ್ಸನ್‌ಗೆ ಸಿಕ್ಕಿದ್ದರಲ್ಲಿ ಬ್ರಾಂದಿಯೂ ಇತ್ತು. ಮೇಲೆ ತೂರಾಡುತ್ತಾ ಒಮ್ಮೆ ಬಿದ್ದರು, ಎತ್ತಿ ಕೂರಿಸಿದರು, ಮತ್ತೆ ಬಿದ್ದರು. ಟೂರ್ ವೈದ್ಯ ಪಿಯೆರ್ ದ್ಯುಮಾ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರು. ಹೆಲಿಕಾಪ್ಟರಿನಲ್ಲಿ ಅವಿನ್ಯೋಂ ಆಸ್ಪತ್ರೆಗೆ ಸಾಗಿಸಿದರೂ ಉಳಿಯಲಿಲ್ಲ. ಜೇಬಿನಲ್ಲಿ ಆಂಫೆಟಮಿನ್ ಗುಳಿಗೆಯ ಟ್ಯೂಬುಗಳಿದ್ದವು, ಖಾಲಿಯಾದವೂ ಇದ್ದವು. ದೇಹದಲ್ಲೂ ಆಂಫೆಟಮಿನ್, ಆಲ್ಕೋಹಾಲ್ ಸಿಕ್ಕವು.

ಆಂಫೆಟಮಿನ್ ದಣಿವನ್ನು ಕಳೆಯುವುದಿಲ್ಲ, ದಣಿವು ಗೊತ್ತಾಗದ ಹಾಗೆ ಮಾಡುತ್ತದೆ. ಹೃದಯದ ಬಡಿತ ಏರುತ್ತದೆ, ಚರ್ಮದ ರಕ್ತನಾಳ ಬಿಗಿಯುತ್ತದೆ, ಮೈಯ ಬಿಸಿ ಹೊರಗೆ ಹೋಗುವುದಿಲ್ಲ. ಅದರ ಮೇಲೆ ನೀರಿಲ್ಲ, ಬ್ರಾಂದಿ ಬೇರೆ. ನಿಲ್ಲು ಅಂತ ಮೈ ಹೇಳಬೇಕಾದ ಹೊತ್ತಿನಲ್ಲಿ ಅದರ ಬಾಯಿ ಕಟ್ಟಿದಂತೆ. ಬಿಸಿಲು ಕೊಂದಿತು ನಿಜ, ಆದರೆ ಬಿಸಿಲಿಗೆ ಬಾಗಿಲು ತೆಗೆದಿದ್ದು ಗುಳಿಗೆ.

ಕಾನೂನು ಇರಲಿಲ್ಲ ಅನ್ನುವ ಹಾಗೂ ಇಲ್ಲ. ಫ್ರಾನ್ಸ್ 1965ರಲ್ಲೇ ಡೋಪಿಂಗ್ ವಿರುದ್ಧ ಕಾಯ್ದೆ ಮಾಡಿತ್ತು. 1966ರ ಟೂರ್‌ನಲ್ಲಿ ಬೋರ್ದೋ ಊರಿನಲ್ಲಿ ಮೊದಲ ಸಲ ಮೂತ್ರ ಪರೀಕ್ಷೆ ಮಾಡಿದಾಗ, ಮರುದಿನ ಸವಾರರೆಲ್ಲ ಸೈಕಲ್ಲಿನಿಂದ ಇಳಿದು ಪ್ರತಿಭಟಿಸಿದ್ದರು! ಸಿಂಪ್ಸನ್ ಸತ್ತ ಮೇಲೆಯೇ 1968ರ ಟೂರ್‌ಗೆ ‘ಆರೋಗ್ಯದ ಟೂರ್’ ಎಂದು ಹೆಸರಿಟ್ಟು ದಿನವೂ ಪರೀಕ್ಷೆ ಶುರು ಮಾಡಿದ್ದು.

ಕಾರ್ಡಿನಲ್ಲಿ ಇನ್ನೊಂದು ಸಾಲಿದೆ: 2000ದಲ್ಲಿ ಇಟಲಿಯ ಸವಾರ ಪಂತಾನಿ ಇಲ್ಲಿ ಅಮೆರಿಕದ ಆರ್ಮ್‌ಸ್ಟ್ರಾಂಗ್ ಅವರನ್ನು ಸೋಲಿಸಿದರು. ಅಷ್ಟೇ. ಆ ದಿನವೂ ಜುಲೈ 13. ಅದಕ್ಕೆ ಒಂದು ವರ್ಷ ಹಿಂದೆ ಇಟಲಿಯ ದೊಡ್ಡ ರೇಸ್ ಜೀರೋ ದಿತಾಲಿಯಾ ಗೆಲ್ಲುವುದಕ್ಕೆ ಎರಡೇ ದಿನ ಬಾಕಿ ಇರುವಾಗ ಪಂತಾನಿಯ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಶೇಕಡಾ 52 ಬಂದಿತ್ತು, 50ರ ಮಿತಿ ದಾಟಿದ್ದಕ್ಕೆ ಮನೆಗೆ ಕಳಿಸಿದ್ದರು. 2004ರಲ್ಲಿ ಕೊಕೇನ್ ಅವರ ಪ್ರಾಣ ತೆಗೆಯಿತು. ಪಕ್ಕದಲ್ಲೇ ಬಂದ ಆರ್ಮ್‌ಸ್ಟ್ರಾಂಗ್ ಅವರ ಏಳೂ ಟೂರ್ ಪಟ್ಟಗಳು 2012ರಲ್ಲಿ ಹೋದವು. 1999ರಿಂದ 2005ರವರೆಗೆ ಟೂರ್‌ಗೆ ವಿಜೇತರೇ ಇಲ್ಲ. ಇದಿಷ್ಟನ್ನೂ ಬಿಟ್ಟು ‘ಸೋಲಿಸಿದರು’ ಅಂದರೆ ಓದಿದವರಿಗೆ ತಿಳಿಯುವುದೇನು?

ಈ ಕೆಂಪುಕಣಗಳನ್ನು ಹೆಚ್ಚಿಸುವ ಇಪಿಒ ಇಂಜೆಕ್ಷನ್ ನನ್ನ ಫ್ರಿಜ್‌ನಲ್ಲೂ ಇರುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯವರು ಐಸ್ ಪ್ಯಾಕ್ ಹಿಡಿದು ಬಂದು ಒಯ್ಯುತ್ತಾರೆ. ಕಿಡ್ನಿ ಕೆಟ್ಟವರಿಗೆ ರಕ್ತ ಹೆಚ್ಚಿಸುವ ಆ ಔಷಧಿಯನ್ನು ಗಟ್ಟಿಮುಟ್ಟಾದ ಸವಾರರು ಚುಚ್ಚಿಕೊಂಡರು. 1998ರಲ್ಲಿ ಫೆಸ್ಟಿನಾ ತಂಡದ ಮಸಾಜ್ ಮಾಡುವವರು ಕಾರಿನ ತುಂಬ ಮಾಲು ಇಟ್ಟುಕೊಂಡು ಗಡಿಯಲ್ಲಿ ಸಿಕ್ಕಿಬಿದ್ದರು. ಅದರಲ್ಲಿ ಇಪಿಒ ಒಂದೇ 200ಕ್ಕೂ ಹೆಚ್ಚು ಡೋಸ್. ಗಮನಿಸಿ, ಅವರನ್ನು ಹಿಡಿದದ್ದು ಕಸ್ಟಮ್ಸ್, ಲ್ಯಾಬ್ ಅಲ್ಲ. ಆಗ ಇಪಿಒಗೆ ಪರೀಕ್ಷೆಯೇ ಇರಲಿಲ್ಲ. ಹೆಮಟೋಕ್ರಿಟ್ 50 ದಾಟಿದರೆ ರೇಸಿನಿಂದ ಹೊರಗೆ ಕೂರಿಸುವುದು, ಅಷ್ಟೇ ನಿಯಮ. ಎಲ್ಲರೂ 49ಕ್ಕೆ ತಂದು ನಿಲ್ಲಿಸಲು ನೋಡುತ್ತಿದ್ದರು, ಇನ್ನೇನು ಮಾಡುತ್ತಾರೆ! 2008ರಲ್ಲಿ ಬಂದ ಜೈವಿಕ ಪಾಸ್‌ಪೋರ್ಟ್ ಈ ಆಟಕ್ಕೆ ಸ್ವಲ್ಪ ಕಡಿವಾಣ ಹಾಕಿತು. ಸವಾರನ ಹಿಮೋಗ್ಲೋಬಿನ್, ಎಳೆಯ ಕೆಂಪುಕಣಗಳ ಲೆಕ್ಕವನ್ನು ಅವನದೇ ಹಳೆಯ ಲೆಕ್ಕದ ಜೊತೆ ಹೋಲಿಸುತ್ತಾರೆ. ಹಳೆಯ ರಿಪೋರ್ಟ್ ತರದೆ ಬಂದ ಪೇಷಂಟ್‌ಗೆ ಡಾಕ್ಟರ್ ಬೈಯುವುದೂ ಇದಕ್ಕೇ ಅಲ್ವಾ.

ಸೈಕಲ್ ವಾಪಸ್ ಕೊಡುವಾಗ ಇದನ್ನು ಅಂಗಡಿಯವರ ಹತ್ತಿರ ಎತ್ತಿದೆ. ಮಗಳು ಫ್ರೆಂಚಿನಲ್ಲಿ ಹೇಳಿದಳು. “ಜನ ರಜೆಗೆ ಬರುತ್ತಾರೆ ಸಾರ್, ಗುಳಿಗೆಯ ಕಥೆ ಯಾರಿಗೆ ಬೇಕು?” ಅನ್ನುವುದು ಅವರ ಉತ್ತರದ ಸಾರ. ಒಳ್ಳೆಯ ಮನುಷ್ಯ, ನಕ್ಕೇ ಹೇಳಿದರು. “ಅಪ್ಪಾ, ಸಾಕು ಬಿಡಿ, ಇನ್ನೂ ಬಸ್ ಹಿಡಿಯಬೇಕು” ಅಂದಳು ಮಗಳು.

ಬೇಕಾದವರು ಇದ್ದಾರೆ. ಶಾಲೆ ರೆನಾರ್ ಮುಂದೆ ನನ್ನ ವಯಸ್ಸಿನವರೊಬ್ಬರು ಮಂಡಿ ಹಿಡಿದುಕೊಂಡು ಐಬುಪ್ರೊಫೆನ್ ನುಂಗುತ್ತಿದ್ದರು, ಅದೂ ಕಾಫಿಯ ಜೊತೆ. ಮೈಯಲ್ಲಿ ನೀರು ಕಮ್ಮಿ ಇರುವಾಗ ಆ ಗುಳಿಗೆ ಕಿಡ್ನಿಗೆ ಒಳ್ಳೆಯದಲ್ಲ. ಬಾಡಿಗೆ ಸೈಕಲ್ ತೆಗೆದುಕೊಳ್ಳುವವರಲ್ಲಿ ಬಿಪಿ ಗುಳಿಗೆಯವರೂ ಕಡಿಮೆ ಇಲ್ಲ. ಅದರಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಇದ್ದರಂತೂ ಬಿಸಿಲಲ್ಲಿ ಜಾಸ್ತಿ ಜೋಪಾನ ಬೇಕು. ದೊಡ್ಡವರ ರೇಸೂ ನೋವಿನ ಗುಳಿಗೆಯಿಂದ ಪಾರಾಗಿಲ್ಲ. ಟ್ರಮಡಾಲ್ ಅನ್ನುವ ನೋವಿನ ಗುಳಿಗೆ ಕೊಡಲು ನಾನು ಡಾಕ್ಟರ್ ಚೀಟಿ, ರಿಜಿಸ್ಟರು ಎಲ್ಲ ನೋಡಬೇಕು. 2018ರಿಂದ ನಮ್ಮಲ್ಲಿ ಅದು ಮಾದಕ ವಸ್ತು ಕಾಯ್ದೆಯ ಅಡಿ ಇದೆ. ಸೈಕ್ಲಿಂಗ್ ಒಕ್ಕೂಟ ರೇಸಿನಲ್ಲಿ ಅದನ್ನು ನಿಷೇಧಿಸಿದ್ದು 2019ರಲ್ಲಿ. 2022ರ ಟೂರ್‌ನಲ್ಲಿ ಆರನೆಯವರಾಗಿದ್ದ ನೈರೋ ಕಿಂತಾನಾ ಇದೇ ಟ್ರಮಡಾಲ್‌ನಿಂದ ಆ ಸ್ಥಾನ ಕಳೆದುಕೊಂಡರು. ವಿಶ್ವ ಡೋಪಿಂಗ್ ವಿರೋಧಿ ಸಂಸ್ಥೆ ವಾಡಾದ ನಿಷೇಧದ ಪಟ್ಟಿಗೆ ಅದು ಸೇರಿದ್ದು 2024ರಲ್ಲಿ.

ಅಂಗಡಿಯಲ್ಲಿ 12 ಯುರೋಗೆ ಒಂದು ‘ಶಕ್ತಿ ಕಿಟ್’ ಮಾರುತ್ತಾರೆ. ಮೂರು ಜೆಲ್, ಒಂದು ಪುಡಿ. ಎರಡು ಜೆಲ್‌ಗಳಲ್ಲಿ ಕೆಫೀನ್ ಇದೆ, ಸಣ್ಣ ಅಕ್ಷರದಲ್ಲಿ ಬರೆದಿದೆ. ಕೆಫೀನ್ ಈಗ ನಿಷಿದ್ಧವಲ್ಲ, 2004ರಲ್ಲೇ ಪಟ್ಟಿಯಿಂದ ತೆಗೆದರು. ಆದರೂ ಎದೆ ಬಡಿತದ ತೊಂದರೆ ಇರುವವರಿಗೆ ಕೌಂಟರಿನಲ್ಲೇ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಕಿಟ್ ಬೇಡ ಅಂತ ನಮ್ಮ ಅಂಗಡಿಯಿಂದ ಒಯ್ದ ಓಆರ್‌ಎಸ್ ಪೊಟ್ಟಣವನ್ನೇ ಬಾಟಲಿಗೆ ಹಾಕಿಕೊಂಡೆ. ರುಚಿಗೆ ಅಂಕ ಕೊಡಲಾರೆ, ಕೆಲಸಕ್ಕೆ ಪೂರ್ತಿ ಅಂಕ.

ಹೋಗುವವರಿಗೆ: ತುದಿಯ ರಸ್ತೆ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಮೇ ಮಧ್ಯದ ನಂತರವೇ ಬುಕ್ ಮಾಡಿ. ಬೆಳಗ್ಗೆ ಅಂಗಡಿ ತೆಗೆದ ತಕ್ಷಣ ಹೊರಡಿ, ಮಧ್ಯಾಹ್ನ 12ರಿಂದ 2ರವರೆಗೆ ಅವರು ಊಟಕ್ಕೆ ಬಾಗಿಲು ಹಾಕುತ್ತಾರೆ. ಮೇಲೆ ಗಾಳಿ ಜೋರು, ಇಳಿಯುವಾಗ ಹಾಕಿಕೊಳ್ಳಲು ಒಂದು ಜಾಕೆಟ್ ಇರಲಿ. 34ರ ಗೇರು ಬೇಕೆಂದು ಬುಕ್ ಮಾಡುವಾಗಲೇ ಬರೆದು ಕೇಳಿ. ಕಾರ್ಡಿನ ಮುಂಬದಿ ನಂಬಬಹುದು, ಅಲ್ಲಿ ಬರೀ ಏರಿನ ಲೆಕ್ಕ ಇದೆ.