ಲಿಸ್ಟಿಗೆ ಕಾವಲು: ನಾಲ್ಕು ದಾರಿ ಮಾಡಿ ನೋಡಿದೆ

ಪುಣೆಯ ನಮ್ಮ ಕನ್ನಡ ಸಂಘಕ್ಕೆ ರಾಜ್ಯೋತ್ಸವದ ಊಟದ ಪಾಸ್ ಕಳಿಸಲು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಹಿಂಜವಡಿಯ ಆಫೀಸಿನಿಂದ ಮನೆಗೆ ಬಂದು ರಾತ್ರಿ ಕೂತು ಬರೆದದ್ದು. ನಿಯಮ ಎರಡೇ. ಫೋನ್ ನಂಬರ್ ಇಲ್ಲದ ಹೆಸರು ಲಿಸ್ಟಿಗೆ ಸೇರಬಾರದು. ಒಂದೇ ನಂಬರ್ ಎರಡು ಸಲ ಬರಬಾರದು.

ಪಾಸ್ ಹೋದ ಸಂಜೆಯೇ ಕಾರ್ಯದರ್ಶಿ ಕಾಕಾ ಫೋನ್ ಮಾಡಿದರು. "ತಮ್ಮಾ, ನಮ್ಮ ಮನೀಗೇ ಎರಡೆರಡ ಪಾಸ್ ಬಂದಾವ ನೋಡಪಾ. ಅಡಿಗಿಯವಗ ಎಷ್ಟ ಮಂದಿ ಅಂತ ಹೇಳ್ಲಿ?"

ಆ ರಾತ್ರಿಯಿಂದ ಒಂದೇ ಕೆಲಸವನ್ನು ನಾಲ್ಕು ರೀತಿ ಮಾಡಿ ನೋಡಿದೆ. ಕಲೆಕ್ಷನ್ ಕ್ಲಾಸಿಗೆ, ಅಂದರೆ ಪಟ್ಟಿ ಇಟ್ಟುಕೊಳ್ಳುವ ಸಿದ್ಧ ಕೋಡಿಗೆ, ನಮ್ಮ ನಿಯಮ ಸೇರಿಸಬೇಕಾದ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಮೊದಲು ಮಾಡಿದ್ದು ಇನ್‌ಹೆರಿಟೆನ್ಸ್, ಅಂದರೆ ಇರುವ ಕ್ಲಾಸಿನಿಂದ ಮಗನಂಥ ಹೊಸ ಕ್ಲಾಸ್ ಹುಟ್ಟಿಸುವುದು. ಜಾವಾದ ಸಿದ್ಧ ಪಟ್ಟಿಯಾದ ಅರೇಲಿಸ್ಟ್ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಿ, ಹೆಸರು ಸೇರಿಸುವ 'ಆಡ್' ಮೆಥಡ್ ಓವರ್‌ರೈಡ್ ಮಾಡಿ (ನಮ್ಮ ರೀತಿ ಮತ್ತೆ ಬರೆದು), ಅಲ್ಲಿ ತಪಾಸಣೆ ಇಟ್ಟಿದ್ದೆ. ಹತ್ತು ಸಾಲು ಕೋಡ್. ಕೌಂಟರಿನಲ್ಲಿ ಒಬ್ಬೊಬ್ಬರ ಹೆಸರು ಬರೆಯುವಾಗ ಚೆನ್ನಾಗಿಯೇ ನಡೆಯಿತು. ಆದರೆ ಹಳೇ ಸದಸ್ಯರ ಎಕ್ಸೆಲ್ ಪಟ್ಟಿಯನ್ನು 'ಆಡ್‌ಆಲ್' ಮೂಲಕ ಒಟ್ಟಿಗೆ ತುಂಬಿದ್ದೆ. ಅರೇಲಿಸ್ಟಿನ ಆಡ್‌ಆಲ್ ಒಳಗೆ ಆಡ್ ಅನ್ನು ಕರೆಯುವುದೇ ಇಲ್ಲ. ಇಡೀ ಅರೇಯನ್ನು ಒಂದೇ ಏಟಿಗೆ ಕಾಪಿ ಮಾಡುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗಾಯಿತು. ಒಂದೇ ವಸ್ತುವನ್ನು ಎರಡು ಸಲ ಇಟ್ಟುಕೊಳ್ಳದ ಹ್ಯಾಶ್‌ಸೆಟ್‌ನಲ್ಲಿ ಇದು ಉಲ್ಟಾ: ಅದರ ಆಡ್‌ಆಲ್ ಒಳಗೆ ಆಡ್ ಅನ್ನೇ ಕರೆಯುತ್ತದೆ. ಎರಡನ್ನೂ ಓವರ್‌ರೈಡ್ ಮಾಡಿ ಎಣಿಸಿದರೆ ಲೆಕ್ಕ ಎರಡು ಪಟ್ಟು. ಅಪ್ಪನ ಕ್ಲಾಸಿನ ಒಳಗುಟ್ಟು ಗೊತ್ತಿಲ್ಲದೆ ಮಗನ ಕ್ಲಾಸ್ ಬರೆಯುವುದೇ ಕಷ್ಟ. ಕಲೆಕ್ಷನ್ ವಿಷಯದಲ್ಲಿ ನಾನು ಈ ದಾರಿ ಬಿಟ್ಟೇಬಿಟ್ಟೆ.

ಎರಡನೆಯದು ಡೆಕೊರೇಟರ್. 1994ರಲ್ಲಿ ಬಂದ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕದಿಂದ ಈ ಹೆಸರು ಎಲ್ಲರ ಬಾಯಿಗೆ ಬಂತು. ಒಳಗೆ ನಿಜವಾದ ಲಿಸ್ಟ್, ಹೊರಗೆ ಅದೇ ಇಂಟರ್‌ಫೇಸಿನ (ಅವೇ ಮೆಥಡ್‌ಗಳಿರುವ) ಒಂದು ಹೊದಿಕೆ. ಬಳಸುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಲಿಸ್ಟ್ ಇಂಟರ್‌ಫೇಸಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಮೆಥಡ್ ಇವೆ. ಎಲ್ಲವನ್ನೂ ಕೈಯಿಂದ ಬರೆದು ಒಳಗಿನದಕ್ಕೆ ದಾಟಿಸುತ್ತಾ ಹೋದೆ. ಆಡ್, ಆಡ್‌ಆಲ್, ಸೆಟ್ ಎಲ್ಲಕ್ಕೂ ತಪಾಸಣೆ ಹಾಕಿದೆ ಅಂದುಕೊಂಡೆ. ಪಟ್ಟಿಯ ಮೇಲೆ ಒಂದೊಂದಾಗಿ ಸಾಗುವ ಲಿಸ್ಟ್‌ಇಟರೇಟರ್ ಮರೆತಿದ್ದೆ. ಅದನ್ನು ಸುಮ್ನೆ ಒಳಗಿನ ಲಿಸ್ಟಿನಿಂದಲೇ ಕೊಟ್ಟಿದ್ದರಿಂದ, ಅದರ ಮೂಲಕವೂ ಹೆಸರು ಸೇರಿಸಬಹುದಿತ್ತು.

ನಮ್ಮ ಟೀಮಿನ ಒಬ್ಬ ಗೆಳತಿ, "ಇಷ್ಟೆಲ್ಲಾ ಯಾಕೆ, ಕಾಟ್ಲಿನ್‌ನಲ್ಲಿ ಒಂದೇ ಸಾಲು ಅಲ್ವಾ?" ಅಂದಳು. ನಿಜ. ಮೂರನೆಯ ದಾರಿ ಇದೇ: ಜಾವಾ ಜೊತೆ ನಡೆಯುವ ಕಾಟ್ಲಿನ್ ಭಾಷೆಯಲ್ಲಿ 'ಬೈ' ಅಂತ ಬರೆದರೆ ದಾಟಿಸುವ ಕೋಡನ್ನೆಲ್ಲಾ ಕಂಪೈಲರ್ ಬರೆದುಕೊಡುತ್ತದೆ. ನಾವು ಆಡ್ ಒಂದನ್ನು ಬರೆದರೆ ಸಾಕು. ಓದಲು ಬಹಳ ಚೆಂದ. ಆಮೇಲೆ ಹಳೇ ಪಟ್ಟಿಯನ್ನು ಆಡ್‌ಆಲ್‌ಗೆ ಕೊಟ್ಟು ಓಡಿಸಿದೆ. ಎರಡೆರಡು ಪಾಸ್‌ನವರೆಲ್ಲ ಮತ್ತೆ ಬಂದು ಕೂತರು! ದಾಟಿಸಿದ ಆಡ್‌ಆಲ್ ನೇರ ಒಳಗಿನ ಲಿಸ್ಟಿಗೆ ಹೋಗುತ್ತದೆ. ಹೊರಗೆ ನಾವು ಬರೆದ ಆಡ್ ಇದೆ ಅನ್ನುವುದೇ ಒಳಗಿನ ಲಿಸ್ಟಿಗೆ ಗೊತ್ತಿಲ್ಲ. ಗೂಗಲ್‌ನ ಜಾವಾ ಲೈಬ್ರರಿ ಗ್ವಾವಾದಲ್ಲಿರುವ ಸಿದ್ಧ ಹೊದಿಕೆ ಫಾರ್ವರ್ಡಿಂಗ್‌ಲಿಸ್ಟ್ ಬಳಸಿದರೂ ಹೀಗೇ. ಇದನ್ನು ಅವರ ಡಾಕ್ಯುಮೆಂಟೇಶನ್‌ನಲ್ಲೇ ಎಚ್ಚರಿಸಿದ್ದಾರೆ. ಹೊದಿಕೆ ಹಾಕಿದ ಮಾತ್ರಕ್ಕೆ ಕಾವಲು ಆಗಲಿಲ್ಲ. ಎಷ್ಟು ಬಾಗಿಲು ಇವೆ ಅಂತ ಲೆಕ್ಕ ಹಾಕಲೇಬೇಕು.

ನನ್ನ ಮನಸ್ಸಿಗೆ ಹಿಡಿಸಿದ್ದು ನಾಲ್ಕನೆಯದು: ಡೆಕೊರೇಟರೇ, ಆದರೆ ಅಬ್‌ಸ್ಟ್ರ್ಯಾಕ್ಟ್‌ಲಿಸ್ಟ್ ಎಂಬ ಜಾವಾದ ಅರ್ಧ ಕಟ್ಟಿಟ್ಟ ಲಿಸ್ಟ್ ಕ್ಲಾಸಿನ ಮೇಲೆ ಕಟ್ಟಿದ್ದು. 1998ರಲ್ಲಿ ಜಾವಾ 1.2 ಜೊತೆ ಕಲೆಕ್ಷನ್‌ಗಳು ಬಂದಾಗಿನಿಂದ ಇದು ಇದೆ, ನಾನೇ ಗಮನ ಕೊಟ್ಟಿರಲಿಲ್ಲ. ಬರೆಯಬೇಕಾದದ್ದು ಐದೇ ಮೆಥಡ್: ಗೆಟ್, ಸೈಜ್, ಸೆಟ್, ಜಾಗದ ಸಂಖ್ಯೆ ಕೊಡುವ ಆಡ್, ಜಾಗದ ಸಂಖ್ಯೆ ಕೊಡುವ ರಿಮೂವ್. ಮಿಕ್ಕ ಆಡ್, ಆಡ್‌ಆಲ್, ಲಿಸ್ಟ್‌ಇಟರೇಟರ್ ಎಲ್ಲವೂ ಕೊನೆಗೆ ಈ ಐದರ ಮೂಲಕವೇ ಹೋಗುತ್ತವೆ. ಒಳಗೆ ಬರುವ ಬಾಗಿಲು ಎರಡೇ: ಸೆಟ್ ಮತ್ತು ಆಡ್. ಫೋನ್ ನಂಬರುಗಳಿಗೆ ಪಕ್ಕದಲ್ಲೊಂದು ಹ್ಯಾಶ್‌ಸೆಟ್ ಇಟ್ಟುಕೊಂಡೆ. ರಿಮೂವ್ ಆದಾಗ ಅದರಿಂದಲೂ ತೆಗೆಯುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಬಿಟ್ಟುಹೋದ ಸದಸ್ಯ ಮತ್ತೆ ಸೇರಲು ಆಗುವುದಿಲ್ಲ.

ಇದಕ್ಕೂ ತೊಂದರೆ ಇದೆ. ಕ್ಲಿಯರ್ ಕರೆದರೆ ಅದು ಮುಂದಿನಿಂದ ಒಂದೊಂದೇ ತೆಗೆಯುತ್ತದೆ. ಒಳಗೆ ಅರೇಲಿಸ್ಟ್ ಇದ್ದರೆ ಪ್ರತಿ ಸಲ ಮಿಕ್ಕವೆಲ್ಲ ಒಂದು ಜಾಗ ಸರಿಯಬೇಕು. ಪಟ್ಟಿ ದೊಡ್ಡದಾದರೆ ನಿಧಾನ. ಕ್ಲಿಯರ್ ಅನ್ನು ನಾವೇ ಬರೆದು ಲಿಸ್ಟ್, ಹ್ಯಾಶ್‌ಸೆಟ್ ಎರಡನ್ನೂ ಖಾಲಿ ಮಾಡಿದರೆ ಸರಿಹೋಗುತ್ತದೆ.

ಇನ್ನೊಂದು ತೊಂದರೆ ಜಾಸ್ತಿ ಕಾಡಿತು. ತಪ್ಪು ಹೆಸರು ಬಂದರೆ ನನ್ನ ಆಡ್ ಎಕ್ಸೆಪ್ಶನ್ ಎಸೆದು ಕೆಲಸವನ್ನು ಅಲ್ಲೇ ನಿಲ್ಲಿಸುತ್ತದೆ. ಎಕ್ಸೆಲ್‌ನ 200ನೇ ಸಾಲಿನಲ್ಲಿ ನಂಬರ್ ಖಾಲಿ ಇದ್ದರೆ, ಮೊದಲ 199 ಆಗಲೇ ಒಳಗೆ ಕೂತಿರುತ್ತವೆ, ಮಿಕ್ಕವು ಹೊರಗೆ. ಪರಿಹಾರ ಜಾವಾದ ಸ್ವಂತ ಕೋಡಿನಲ್ಲೇ ಸಿಕ್ಕಿತು. ಕಲೆಕ್ಷನ್ಸ್ ಕ್ಲಾಸಿನ 'ಚೆಕ್ಡ್‌ಲಿಸ್ಟ್' ಕೂಡ ಡೆಕೊರೇಟರೇ. ವಸ್ತುವಿನ ಟೈಪ್ ಸರಿ ಇದೆಯೇ ಅಂತ ನೋಡುತ್ತದೆ. ಅದರ ಆಡ್‌ಆಲ್ ಮೊದಲು ಎಲ್ಲವನ್ನೂ ಪರೀಕ್ಷಿಸಿ, ಎಲ್ಲ ಸರಿ ಇದ್ದರೆ ಮಾತ್ರ ಒಟ್ಟಿಗೆ ಒಳಗೆ ಹಾಕುತ್ತದೆ. ನಾನೂ ಹಾಗೇ ಬರೆದೆ. ಬಂದರೆ ಎಲ್ಲ, ಇಲ್ಲದಿದ್ದರೆ ಒಂದೂ ಇಲ್ಲ.

ಬರೀ ಓದಲು ಕೊಡುವುದಾದರೆ ಸ್ವಂತ ಹೊದಿಕೆ ಬೇಡ. 'ಅನ್‌ಮಾಡಿಫೈಯಬಲ್‌ಲಿಸ್ಟ್' ಸಿದ್ಧವಾಗಿದೆ. ಅದು ಕಾಪಿ ಅಲ್ಲ, ಕಿಟಕಿ. ಒಳಗಿನ ಲಿಸ್ಟ್ ಬದಲಾದರೆ ಹೊರಗೂ ಕಾಣುತ್ತದೆ. ಪಾಸ್ ಪ್ರಿಂಟ್ ಆಗುವಾಗ ಕೌಂಟರಿನಲ್ಲಿ ಹೊಸ ಹೆಸರು ಸೇರಿದರೆ ಪ್ರಿಂಟ್ ಮಧ್ಯದಲ್ಲೇ ಎಕ್ಸೆಪ್ಶನ್ ಬರಬಹುದು. ಪ್ರಿಂಟಿಗೆ ನಾನು ಜಾವಾ 10ರಲ್ಲಿ ಬಂದ 'ಲಿಸ್ಟ್.ಕಾಪಿಆಫ್' ಬಳಸುತ್ತೇನೆ.

ಡೆಕೊರೇಟರ್ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಮಾತ್ರ ಆಮೇಲೆ. ಎಷ್ಟು ಹೆಸರು ಬಂದವು, ಎಷ್ಟು ಸೇರಿದವು, ಎರಡೂ ಲೆಕ್ಕ ಬೇಕು ಅಂದರು ಕಾಕಾ. ಎಣಿಸುವ ಒಂದು ಸಣ್ಣ ಡೆಕೊರೇಟರ್ ಬರೆದೆ. ಅದನ್ನೇ ಕಾವಲಿನ ಹೊರಗೊಂದು, ಒಳಗೊಂದು ಇಟ್ಟೆ. ಹೊರಗಿನದು ಬಂದವರನ್ನು ಎಣಿಸಿತು, ಒಳಗಿನದು ಸೇರಿದವರನ್ನು. ಕಾವಲಿನ ಕೋಡಿನಲ್ಲಿ ಒಂದು ಸಾಲೂ ಬದಲಾಗಲಿಲ್ಲ. ಎಣಿಸುವ ಪದರದಲ್ಲೂ ಆಡ್‌ಆಲ್ ಬರೆದು ಪಟ್ಟಿಯನ್ನು ಇಡಿಯಾಗಿಯೇ ಒಳಗೆ ದಾಟಿಸಿ. ಅಬ್‌ಸ್ಟ್ರ್ಯಾಕ್ಟ್‌ಲಿಸ್ಟಿಗೆ ಬಿಟ್ಟರೆ ಅದು ಹೆಸರುಗಳನ್ನು ಒಂದೊಂದಾಗಿ ಕಳಿಸುತ್ತದೆ, ಅರ್ಧ ಪಟ್ಟಿ ಮತ್ತೆ ಒಳಗೆ ಬಂದು ಕೂರುತ್ತದೆ.